ಫೈಬರ್ ತೊಟ್ಟಿ ಮತ್ತು ಶೀಟುಗಳಿಗೆ ತೂತು ಕೊರೆಯುವ ಕ್ರಮ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯಲ್ಲಿ ಮಾವು, ಟೊಮೆಟೊ, ಹಿಪ್ಪುನೇರಳೆ ಮತ್ತು ಹೈನು ರೈತರ ಬದುಕಿಗೆ ಆಧಾರ. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಬೇಸಾಯದ ನೀರು ಬಹುಮಟ್ಟಿಗೆ ಕೊಳವೆ ಬಾವಿಯಿಂದಲೇ ಬರಬೇಕು. ಸಾವಿರ ಅಡಿ ದಾಟಿದ ಬಾವಿಗಳು ಇಲ್ಲಿ ಅಪರೂಪವಲ್ಲ. ಮೂರು ಫೇಸ್ ವಿದ್ಯುತ್ತು ಇರುವ ಕೆಲವೇ ಗಂಟೆಗಳಲ್ಲಿ ನೀರನ್ನು ಎತ್ತಿ ತೊಟ್ಟಿಯಲ್ಲಿ ಶೇಖರಿಸಿ, ಬೇಕಾದಾಗ ಹನಿ ನೀರಾವರಿಗೆ ಬಿಡುವುದು ಅನೇಕರ ರೂಢಿ. ಈ ಕೆಲಸಕ್ಕೆ ಸಿಮೆಂಟಿನ ತೊಟ್ಟಿಯ ಜೊತೆಗೆ ಈಗ ಫೈಬರ್ ತೊಟ್ಟಿಗಳೂ ಬಳಕೆಗೆ ಬಂದಿವೆ. ಕೊಟ್ಟಿಗೆ ಮತ್ತು ರೇಷ್ಮೆ ಹುಳು ಸಾಕುವ ಮನೆಗಳ ಮೇಲೆ ಬೆಳಕು ಬಿಡುವ ಫೈಬರ್ ಶೀಟುಗಳನ್ನೂ, ಗೋಬರ್ ಗ್ಯಾಸ್ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮಿನ ಬದಲು ಫೈಬರ್ ಡ್ರಮ್ಮನ್ನೂ ಕಾಣಬಹುದು.

ಈ ಸಾಮಾನುಗಳು ತುಕ್ಕು ಹಿಡಿಯುವುದಿಲ್ಲ, ಗೆದ್ದಲಿಗೆ ಈಡಾಗುವುದಿಲ್ಲ, ಹಗುರವಾಗಿರುತ್ತವೆ. ಆದರೆ ಅವು ಕೆಡುವುದು ಹೆಚ್ಚಾಗಿ ಒಂದು ಚಿಕ್ಕ ಕೆಲಸದಿಂದ. ಪೈಪು ಜೋಡಿಸಲು ಇಲ್ಲವೇ ಬೋಲ್ಟು ಹಾಕಲು ಕೊರೆಯುವ ತೂತು ಸರಿಯಾಗದಿದ್ದರೆ, ಹಲವು ವರ್ಷ ಬಾಳಬೇಕಾದ ತೊಟ್ಟಿ ಆ ತೂತಿನ ಸುತ್ತಲಿಂದ ಬಿರಿಯಲು ಆರಂಭಿಸುತ್ತದೆ. ಕಬ್ಬಿಣಕ್ಕೆ ಕೊರೆದಂತೆಯೋ ಗೋಡೆಗೆ ಕೊರೆದಂತೆಯೋ ಇದಕ್ಕೂ ಕೊರೆಯುವುದೇ ತೊಂದರೆಯ ಮೂಲ. ಸರಿಯಾದ ಕ್ರಮಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದು ಮರದ ತುಂಡು, ಹರಿತವಾದ ಬಿಟ್ಟು, ಸ್ವಲ್ಪ ಅಂಟು ಮತ್ತು ತಾಳ್ಮೆ ಇದ್ದರೆ ಸಾಕು.

ಇದು ಎಂಥ ವಸ್ತು

ಜನರು ಫೈಬರ್ ಎಂದು ಕರೆಯುವುದು ಗಾಜಿನ ನಾರು ಮತ್ತು ಪ್ಲಾಸ್ಟಿಕ್ ರಾಳ ಸೇರಿದ ವಸ್ತುವನ್ನು. ಇದಕ್ಕೆ ಎಫ್.ಆರ್.ಪಿ. ಎಂಬ ಹೆಸರೂ ಇದೆ. ರೇಷ್ಮೆ ಬೆಳೆಗಾರರಿಗೆ ಇದರ ರಚನೆಯನ್ನು ತಿಳಿಸುವುದು ಸುಲಭ. ಹುಳು ಸಾಕುವ ಬಿದಿರಿನ ತಟ್ಟೆಗೆ ಸಗಣಿ ಸಾರಿಸುವ ಪದ್ಧತಿ ಹಿಂದಿನಿಂದ ಬಂದದ್ದು. ತಟ್ಟೆಗೆ ಬಲ ಕೊಡುವುದು ಬಿದಿರಿನ ಸೀಳು. ಸೀಳುಗಳ ಸಂದು ಮುಚ್ಚಿ ಅವನ್ನು ಒಂದಾಗಿ ಹಿಡಿಯುವುದು ಸಗಣಿ. ಫೈಬರ್ ವಸ್ತುವಿನಲ್ಲಿ ಬಿದಿರಿನ ಸ್ಥಾನದಲ್ಲಿ ಗಾಜಿನ ನಾರಿದೆ, ಸಗಣಿಯ ಸ್ಥಾನದಲ್ಲಿ ಗಟ್ಟಿಯಾದ ರಾಳವಿದೆ. ನಾರನ್ನು ಚಾಪೆಯಂತೆ ಹಾಸಿ, ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸಿ ಗೋಡೆಯ ದಪ್ಪ ತರುತ್ತಾರೆ. ಒಂದು ಚದರ ಮೀಟರಿಗೆ 450 ಗ್ರಾಂ ತೂಗುವ ನಾರಿನ ಚಾಪೆಯ ಒಂದು ಪದರ, ರಾಳ ಸೇರಿ ಒಣಗಿದಾಗ ಸುಮಾರು 1 ಮಿ.ಮೀ. ದಪ್ಪವಾಗುತ್ತದೆ. ಹಾಗಾಗಿ 5 ಮಿ.ಮೀ. ದಪ್ಪದ ತೊಟ್ಟಿಯ ಗೋಡೆಯಲ್ಲಿ ಸುಮಾರು ಐದು ಪದರಗಳಿರುತ್ತವೆ.

ನಾರಿನ ಉದ್ದಕ್ಕೆ ಎಳೆದರೆ ಈ ವಸ್ತು ಬಹಳ ಗಟ್ಟಿ. ಆದರೆ ಒಂದು ಪದರಕ್ಕೂ ಮತ್ತೊಂದು ಪದರಕ್ಕೂ ನಡುವೆ ಇರುವುದು ರಾಳದ ಹಿಡಿತ ಮಾತ್ರ. ಅಲ್ಲಿ ದಾಟಿ ಹೋಗುವ ನಾರು ಇಲ್ಲ. ಈ ದುರ್ಬಲತೆಯನ್ನು ಮನಸ್ಸಿನಲ್ಲಿಟ್ಟರೆ ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಕಾರಣವೂ ತಾನಾಗಿಯೇ ಹೊಳೆಯುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಕೊಳ್ಳಬೇಕು. ಮನೆಗಳ ತಾರಸಿಯ ಮೇಲಿರುವ ಕಪ್ಪು ನೀರಿನ ಟ್ಯಾಂಕುಗಳು ಸಾಮಾನ್ಯವಾಗಿ ಪಾಲಿಥೀನಿನವು, ಅವುಗಳಲ್ಲಿ ಗಾಜಿನ ನಾರು ಇರುವುದಿಲ್ಲ. ಎರಡನ್ನೂ ಬೆರಳಿನಿಂದ ತಟ್ಟಿದರೆ ಫೈಬರ್ ಗಡುಸಾದ ಸದ್ದು ಕೊಡುತ್ತದೆ, ಪಾಲಿಥೀನ್ ಮಂದವಾದ ಸದ್ದು ಕೊಡುತ್ತದೆ. ಕೊರೆದಾಗ ವ್ಯತ್ಯಾಸ ಇನ್ನೂ ಸ್ಪಷ್ಟ: ಪಾಲಿಥೀನಿನಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತದೆ, ಫೈಬರಿನಿಂದ ಬಿಳಿ ಪುಡಿ ಉದುರುತ್ತದೆ. ಪಾಲಿಥೀನ್ ಟ್ಯಾಂಕಿಗೆ ಪದರ ಬಿಡುವ ಭಯವಿಲ್ಲ, ಅದಕ್ಕೆ ಎಫ್.ಆರ್.ಪಿ. ರಾಳ ಅಂಟುವುದೂ ಇಲ್ಲ. ಇಲ್ಲಿ ಹೇಳುತ್ತಿರುವುದು ಪುಡಿ ಉದುರುವ ವಸ್ತುವಿನ ಬಗ್ಗೆ.

ತೂತು ಕೆಡುವುದು ಎಲ್ಲಿ

ಕೊರೆಯುವವರ ಕಣ್ಣಿಗೆ ಕಾಣುವುದು ಬಿಟ್ಟು ಒಳಹೊಗುವ ಕಡೆ. ಕೆಡುವುದು ಅದು ಹೊರಬರುವ ಕಡೆ, ಅಂದರೆ ಗೋಡೆಯ ಹಿಂಬದಿ. ಬಿಟ್ಟು ಒಳಗೆ ಸಾಗಿದಂತೆ ಅದರ ಮುಂದೆ ಉಳಿದ ಪದರಗಳ ಸಂಖ್ಯೆ ಕಡಿಮೆಯಾಗುತ್ತಾ ಬರುತ್ತದೆ. ಕೊನೆಗೆ ಒಂದೋ ಎರಡೋ ಪದರ ಉಳಿದಾಗ, ಕೈಯ ಒತ್ತಡ ಮೊದಲಿನಷ್ಟೇ ಇದ್ದರೆ, ಬಿಟ್ಟು ಆ ಪದರವನ್ನು ಕತ್ತರಿಸುವ ಬದಲು ಮುಂದಕ್ಕೆ ತಳ್ಳುತ್ತದೆ. ತಳ್ಳಿದ ಪದರ ಪಕ್ಕದ ಪದರದಿಂದ ಬಿಡಿಸಿಕೊಂಡು ಉಬ್ಬುತ್ತದೆ, ಆಮೇಲೆ ಹರಿಯುತ್ತದೆ. ಹೊರಗಿನಿಂದ ನೋಡಿದರೆ ತೂತು ದುಂಡಗೆ ಇರುತ್ತದೆ. ಒಳಗಡೆ ಅದರ ಸುತ್ತ ರೂಪಾಯಿ ನಾಣ್ಯದಗಲ ಪದರ ಬಿಟ್ಟಿರುತ್ತದೆ.

ಇದರ ಲೆಕ್ಕವನ್ನು 1990ರಲ್ಲಿ ಹೋಚೆಂಗ್ ಮತ್ತು ಧರಣ್ ಎಂಬ ಇಬ್ಬರು ತಂತ್ರಜ್ಞರು ಪ್ರಕಟಿಸಿದರು. ಅವರ ಸೂತ್ರದ ಪ್ರಕಾರ, ಬಿಟ್ಟಿನ ಮುಂದೆ ಉಳಿದ ದಪ್ಪ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಪದರ ಬಿಡಿಸಲು ಬೇಕಾಗುವ ಒತ್ತಡ ನಾಲ್ಕನೇ ಒಂದು ಭಾಗವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೇ ಇಳಿಯುತ್ತದೆ. ಮೊದಲ 4 ಮಿ.ಮೀ. ಕೊರೆಯುವಾಗ ಏನೂ ಕೆಡಿಸದ ಒತ್ತಡವೇ ಕೊನೆಯ 1 ಮಿ.ಮೀ.ನಲ್ಲಿ ಗೋಡೆಯನ್ನು ಕೆಡಿಸಬಲ್ಲದು. ಕೊನೆಯಲ್ಲಿ ಕೈ ಹಗುರ ಮಾಡಬೇಕು ಎಂದು ಅನುಭವಸ್ಥ ಬಡಗಿ ಹೇಳುವ ಮಾತಿಗೂ ಈ ಸೂತ್ರಕ್ಕೂ ಭೇದವಿಲ್ಲ.

ಪರಿಹಾರವೂ ಇದರಲ್ಲೇ ಇದೆ. ಹಿಂಬದಿಗೆ ಒಂದು ಮರದ ಹಲಗೆಯನ್ನು ಬಿಗಿಯಾಗಿ ಒತ್ತಿ ಹಿಡಿದರೆ ಕೊನೆಯ ಪದರಕ್ಕೆ ಉಬ್ಬಲು ಜಾಗವಿರುವುದಿಲ್ಲ. ಬಿಟ್ಟು ಪದರವನ್ನು ಕತ್ತರಿಸಿಕೊಂಡು ನೇರವಾಗಿ ಹಲಗೆಯೊಳಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ತಯಾರಾದ ತೇಜಸ್ ಯುದ್ಧ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡ 45 ಭಾಗ ಇಂಥ ನಾರು-ರಾಳದ ವಸ್ತುವೇ, ಅಲ್ಲಿ ಹೆಚ್ಚಾಗಿ ಗಾಜಿನ ಬದಲು ಇಂಗಾಲದ ನಾರು. 2001ರ ಜನವರಿ 4ರಂದು ಅದು ಮೊದಲು ಹಾರಿತು. ವಿಮಾನ ತಯಾರಿಕೆಯಲ್ಲಿ ರಿವೆಟ್ಟು, ಬೋಲ್ಟುಗಳಿಗೆ ತೂತು ಕೊರೆಯುವವರು ಕಾಯುವ ಅಪಾಯವೂ ಇದೇ, ಹಿಂಬದಿಗೆ ಆಸರೆ ಕೊಡುವ ಉಪಾಯವೂ ಇದೇ. ಅವರ ಬಿಟ್ಟುಗಳು ಮಾತ್ರ ದುಬಾರಿ.

ಬಿಟ್ಟಿನ ಆಯ್ಕೆ

ಗಾಜು ಲೋಹವನ್ನು ಸವೆಸುತ್ತದೆ. ಕಬ್ಬಿಣ ಕೊರೆಯುವ ಸಾಮಾನ್ಯ ಬಿಟ್ಟು ಫೈಬರಿನಲ್ಲಿ ಕೆಲವು ತೂತುಗಳಿಗೇ ಮೊಂಡಾಗುತ್ತದೆ. ಮೊಂಡು ಬಿಟ್ಟಿಗೆ ಹೆಚ್ಚು ಒತ್ತಡ ಬೇಕು, ಒತ್ತಡ ಹೆಚ್ಚಿದರೆ ಪದರ ಬಿಡುತ್ತದೆ. ಎರಡು ಮೂರು ತೂತು ಮಾತ್ರ ಇದ್ದರೆ ಹೊಸದಾಗಿ ಮಸೆದ ಸಾಮಾನ್ಯ ಬಿಟ್ಟೇ ಸಾಕು. ಶೀಟಿನ ಕೆಲಸದಂತೆ ಹತ್ತಾರು ತೂತುಗಳಿದ್ದರೆ ಕಾರ್ಬೈಡ್ ತುದಿಯ ಬಿಟ್ಟು ಕೊಳ್ಳುವುದು ಲಾಭ. ಬಡಗಿಗಳು ಬಳಸುವ, ನಡುವೆ ಮುಳ್ಳು ಮತ್ತು ಅಂಚಿನಲ್ಲಿ ಎರಡು ಹಲ್ಲು ಇರುವ ಬಿಟ್ಟು ಕೂಡ ಒಳ್ಳೆಯದು. ಅದರ ಅಂಚಿನ ಹಲ್ಲು ಮೊದಲು ನಾರನ್ನು ವೃತ್ತಾಕಾರವಾಗಿ ಕತ್ತರಿಸುತ್ತದೆ, ಆಮೇಲೆ ನಡುವಿನ ಭಾಗ ಹೊರಬರುತ್ತದೆ.

ಗೋಡೆ ಕೊರೆಯುವ ಬಿಟ್ಟಿನ ತುದಿಯಲ್ಲೂ ಕಾರ್ಬೈಡ್ ಇರುತ್ತದೆ. ಆದರೆ ಅದು ಕುಟ್ಟಿ ಪುಡಿ ಮಾಡಲು ತಯಾರಾದದ್ದು, ಹರಿತವಿಲ್ಲ. ಎಲೆಕ್ಟ್ರಿಷಿಯನ್ನರ ಡ್ರಿಲ್ ಯಂತ್ರಗಳಲ್ಲಿ ಸುತ್ತುತ್ತಲೇ ಕುಟ್ಟುವ ವ್ಯವಸ್ಥೆ ಇರುತ್ತದೆ. ಫೈಬರಿಗೆ ಕೊರೆಯುವ ಮುನ್ನ ಆ ಗುಂಡಿಯನ್ನು ತಪ್ಪದೆ ಬಂದ್ ಮಾಡಿಸಬೇಕು. ಇದೊಂದನ್ನು ಮರೆತರೆ ಉಳಿದ ಎಚ್ಚರಿಕೆಗಳಿಂದ ಪ್ರಯೋಜನವಿಲ್ಲ. ಮೊಳೆ ಕಾಯಿಸಿ ಚುಚ್ಚುವುದು, ಉಳಿಯಿಂದ ಹೊಡೆಯುವುದು ಇವೂ ಅಷ್ಟೇ ಕೆಟ್ಟವು.

ಪೈಪಿನ ನಿಪ್ಪಲ್ಲಿಗೆ ಬೇಕಾದ ದೊಡ್ಡ ತೂತಿಗೆ ಬಟ್ಟಲಿನ ಆಕಾರದ ಹೋಲ್ ಸಾ ಬೇಕು. ಹಲ್ಲಿನ ಹೋಲ್ ಸಾ ಆಗಬಹುದು. ಆದರೆ ಗ್ರಾನೈಟು, ಟೈಲ್ಸು ಕೊರೆಯಲು ಪ್ಲಂಬರುಗಳು ಇಟ್ಟುಕೊಳ್ಳುವ ವಜ್ರದ ಪುಡಿ ಅಂಟಿಸಿದ ಬಟ್ಟಲು ಇದಕ್ಕಿಂತ ಉತ್ತಮ. ಅದು ನಾರನ್ನು ಎಳೆಯದೆ ಉಜ್ಜಿ ಸವೆಸುವುದರಿಂದ ಅಂಚು ನಯವಾಗಿ ಬರುತ್ತದೆ. ಕಲ್ಲಿನ ಕೆಲಸ ನಡೆಯುವ ಕೋಲಾರ ಜಿಲ್ಲೆಯಲ್ಲಿ ಇದನ್ನು ಹುಡುಕುವುದು ಕಷ್ಟವಲ್ಲ. ಬಾಡಿಗೆಗೆ ಅಥವಾ ಎರವಲಿಗೆ ತರಬಹುದು.

ವೇಗ

ರಾಗಿ ಕಣದಲ್ಲಿ ಮೇಟಿಗೆ ಕಟ್ಟಿ ಸುತ್ತಿಸುವ ಎತ್ತುಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ: ಮೇಟಿಯ ಪಕ್ಕದ ಎತ್ತು ಮೆಲ್ಲಗೆ ಹೆಜ್ಜೆ ಹಾಕಿದರೂ ಹೊರಗಿನ ಎತ್ತು ಓಡಬೇಕಾಗುತ್ತದೆ. ಸುತ್ತು ಒಂದೇ, ನಡೆಯುವ ದೂರ ಬೇರೆ. ಬಿಟ್ಟಿನ ವಿಷಯವೂ ಹಾಗೆಯೇ. 6 ಮಿ.ಮೀ. ಬಿಟ್ಟು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ ಸುಮಾರು 38 ಮೀಟರ್ ದೂರ ಚಲಿಸುತ್ತದೆ. ಸಾಮಾನ್ಯ ಬಿಟ್ಟಿಗೆ ಇದು ಯೋಗ್ಯ ವೇಗ. ಅಂಚಿಗೆ ಅದೇ ವೇಗ ಬರಬೇಕಾದರೆ 35 ಮಿ.ಮೀ. ಹೋಲ್ ಸಾ ನಿಮಿಷಕ್ಕೆ ಸುಮಾರು 350 ಸುತ್ತು, 60 ಮಿ.ಮೀ. ಹೋಲ್ ಸಾ ಸುಮಾರು 200 ಸುತ್ತು ತಿರುಗಿದರೆ ಸಾಕು. ಚಿಕ್ಕ ಬಿಟ್ಟನ್ನು ಜೋರಾಗಿ, ದೊಡ್ಡದನ್ನು ನಿಧಾನವಾಗಿ ತಿರುಗಿಸಬೇಕೆಂಬುದು ಇದರ ಸಾರ.

ಸುಟ್ಟ ವಾಸನೆ ಬಂದರೆ ರಾಳ ಕಾಯುತ್ತಿದೆ ಎಂದು ತಿಳಿದು ಕೂಡಲೇ ನಿಲ್ಲಿಸಬೇಕು. ಕಾದ ರಾಳ ಮೆತ್ತಗಾಗಿ ನಾರಿನ ಹಿಡಿತ ಬಿಡುತ್ತದೆ. ಬಿಟ್ಟು ಮೊಂಡಾಗಿರಬಹುದು, ಇಲ್ಲವೇ ಕತ್ತರಿಸದೆ ಒಂದೇ ಕಡೆ ಉಜ್ಜುತ್ತಿರಬಹುದು. ನಡುನಡುವೆ ಬಿಟ್ಟನ್ನು ಹೊರತೆಗೆದು ಪುಡಿ ಬೀಳಿಸಿ, ತಣಿಯಲು ಬಿಟ್ಟು ಮುಂದುವರಿಯುವುದು ಒಳ್ಳೆಯದು.

ತೊಟ್ಟಿಗೆ ನಿಪ್ಪಲ್ ಕೂರಿಸುವುದು

ಉದಾಹರಣೆಗೆ, ಯಲ್ದೂರಿನ ಕಡೆಯ ಒಂದು ಮಾವಿನ ತೋಟದಲ್ಲಿ 1.8 ಮೀಟರ್ ಅಗಲ, 2 ಮೀಟರ್ ಎತ್ತರದ ದುಂಡು ಫೈಬರ್ ತೊಟ್ಟಿ ಇದೆ ಎಂದಿಟ್ಟುಕೊಳ್ಳಬಹುದು. ಅದು ಸುಮಾರು 5,000 ಲೀಟರ್ ಹಿಡಿಯುತ್ತದೆ. ತುಂಬಿದಾಗ ತಳದ ಬಳಿ ನೀರಿನ ಒತ್ತಡ ಚದರ ಸೆಂ.ಮೀ.ಗೆ 0.2 ಕಿ.ಗ್ರಾಂ. ಇದು ಅಲ್ಪವೆಂದು ತೋರಬಹುದು. ಆದರೆ ಈ ಒತ್ತಡದಿಂದ ತಳದ ಬಳಿ ಗೋಡೆಯ ಒಂದೊಂದು ಸೆಂ.ಮೀ. ಎತ್ತರದ ಪಟ್ಟಿಯೂ 18 ಕಿ.ಗ್ರಾಂ. ಎಳೆತ ತಾಳಬೇಕು. ಪಟ್ಟಿಯ ನಡುವೆ ತೂತು ಬಿದ್ದರೆ ಎಳೆತ ತೂತಿನ ಎರಡು ಪಕ್ಕಕ್ಕೆ ಹೋಗಿ ಸೇರುತ್ತದೆ. ಅಂಚಿನಲ್ಲಿ ಅದು ಸುಮಾರು ಮೂರು ಪಟ್ಟಾಗುತ್ತದೆ. ಕಬ್ಬಿಣದ ತಗಡಾದರೆ ಅಂಚಿನಲ್ಲಿ ಸ್ವಲ್ಪ ಬಾಗಿ, ಹಿಗ್ಗಿ ಸುಧಾರಿಸಿಕೊಳ್ಳುತ್ತದೆ. ಫೈಬರಿಗೆ ಆ ಗುಣವಿಲ್ಲ. ಸ್ವಚ್ಛವಾಗಿ ಕೊರೆದ ತೂತಿನ ಅಂಚು ಈ ಹೊರೆಯನ್ನು ಸಲೀಸಾಗಿ ತಾಳುತ್ತದೆ, ಪದರ ಬಿಟ್ಟ ಅಂಚಿನಲ್ಲಿ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ತಯಾರಕರು ಪೈಪಿಗಾಗಿ ದಪ್ಪ ಮಾಡಿದ ಜಾಗ ಬಿಟ್ಟಿದ್ದರೆ ಅಲ್ಲಿಯೇ ಕೊರೆಯಬೇಕು. ಇಲ್ಲದಿದ್ದರೆ ಗೋಡೆಯ ಚಪ್ಪಟೆಯಾದ ಭಾಗವನ್ನು ಆರಿಸಿ, ತಳದ ಮೂಲೆಯಿಂದ ಮತ್ತು ಇನ್ನೊಂದು ತೂತಿನಿಂದ ದೂರವಿಡಬೇಕು. ತೂತಿನ ನಡುವಿನಿಂದ ಅಂಚಿಗೆ ತೂತಿನ ವ್ಯಾಸದ ಮೂರು ಪಟ್ಟು, ಒಂದು ತೂತಿನಿಂದ ಮತ್ತೊಂದಕ್ಕೆ ಐದು ಪಟ್ಟು ಅಂತರ ಬಿಟ್ಟರೆ ಚಿಂತೆಯಿಲ್ಲ. ತಳಕ್ಕೆ ತೀರ ಸಮೀಪ ಕೊರೆದು ಕೊನೆಯ ಹನಿಯನ್ನೂ ತೆಗೆಯಬೇಕೆಂಬ ಆಸೆ ಸಹಜ. ಆದರೆ ಗೋಡೆ ತಿರುಗುವ ಆ ಮೂಲೆಯಲ್ಲಿಯೇ ಎಳೆತ ಹೆಚ್ಚು. ತಳದಲ್ಲಿ ಕೂರುವ ಹೂಳು ಹನಿ ಪೈಪಿಗೆ ಹೋಗದಿರಲೂ ನಾಲ್ಕು ಬೆರಳು ಎತ್ತರ ಬಿಡುವುದೇ ಲೇಸು.

ಕೊರೆಯುವ ಮುನ್ನ ನಿಪ್ಪಲ್ಲನ್ನು ಕೈಯಲ್ಲಿ ಹಿಡಿದು ಅಳೆಯಬೇಕು. ಒಂದು ಇಂಚಿನ ನಿಪ್ಪಲ್ ಎಂದರೆ ತೂತು ಒಂದು ಇಂಚಲ್ಲ; ಒಂದು ಇಂಚಿನ ಪೈಪ್ ಥ್ರೆಡ್ಡಿನ ಹೊರವ್ಯಾಸವೇ ಸುಮಾರು 33 ಮಿ.ಮೀ., ಎರಡು ಇಂಚಿನದು ಸುಮಾರು 60 ಮಿ.ಮೀ. ಇದಕ್ಕಿಂತ 1 ಅಥವಾ 2 ಮಿ.ಮೀ. ದೊಡ್ಡ ತೂತು ಸಾಕು. ಚಿಕ್ಕದಾಗಿ ಕೊರೆದು ನಿಪ್ಪಲ್ಲನ್ನು ಸುತ್ತಿಗೆಯಿಂದ ತೂರಿಸುವುದು, ಅರದಿಂದ ಒರಟಾಗಿ ಹಿಗ್ಗಿಸುವುದು ಎರಡೂ ಕೂಡದು.

ತೊಟ್ಟಿ ಖಾಲಿಯಾಗಿ ಒಣಗಿರಬೇಕು. ಕೊರೆಯುವ ಜಾಗಕ್ಕೆ ಅಂಟು ಪಟ್ಟಿ ಹಚ್ಚಿ ಅದರ ಮೇಲೆ ಗುರುತು ಮಾಡಿದರೆ ಮೇಲಿನ ಬಣ್ಣದ ಗಡಸು ಪದರ ಚಕ್ಕೆ ಏಳುವುದಿಲ್ಲ. ಒಬ್ಬರು ಒಳಗಿನಿಂದ ಹಲಗೆಯನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಹಲಗೆ ಬಿಟ್ಟಿನ ತುದಿಯನ್ನು ತಡೆಯುವಷ್ಟು ದಪ್ಪವಾಗಿರಬೇಕು, ಹಿಡಿದವರ ಕೈ ಗುರುತಿನ ನೇರಕ್ಕೆ ಇರಬಾರದು. ಗೋಡೆ ದುಂಡಗಿದ್ದು ಹಲಗೆ ಕೂರದಿದ್ದರೆ ನಡುವೆ ಮಡಿಸಿದ ದಪ್ಪ ರಟ್ಟು ಅಥವಾ ಲಾರಿ ಟ್ಯೂಬಿನ ತುಂಡು ಇಟ್ಟುಕೊಳ್ಳಬಹುದು. ಮೊದಲು 6 ಮಿ.ಮೀ. ಬಿಟ್ಟಿನಿಂದ ದಾರಿ ತೂತು ಕೊರೆಯಬೇಕು. ದೊಡ್ಡ ಬಿಟ್ಟಿನ ತುದಿಯ ನಡುಭಾಗ ಕತ್ತರಿಸುವುದಿಲ್ಲ, ಬರೀ ಒತ್ತುತ್ತದೆ. ದಾರಿ ತೂತು ಇದ್ದರೆ ಆ ಒತ್ತಡದ ದೊಡ್ಡ ಪಾಲು ತಪ್ಪುತ್ತದೆ.

ಆಮೇಲೆ ಹೋಲ್ ಸಾ ಹಾಕಿ ಒಂದೆರಡು ಕ್ಷಣ ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಿದರೆ ಹಲ್ಲುಗಳು ಬಣ್ಣದ ಪದರವನ್ನು ಕಚ್ಚದೆ ಗೆರೆ ಹಾಕುತ್ತವೆ. ಬಳಿಕ ಮುಮ್ಮುಖವಾಗಿ ಹೊರಗಿನಿಂದ ಗೋಡೆಯ ಅರ್ಧ ದಪ್ಪ ಕೊರೆದು ನಿಲ್ಲಿಸಬೇಕು. ಉಳಿದರ್ಧವನ್ನು ಅದೇ ದಾರಿ ತೂತು ಹಿಡಿದು ಒಳಗಿನಿಂದ ಕೊರೆಯಬೇಕು. ಎರಡು ಕಡೆಯಿಂದ ಕೊರೆದಾಗ ಬಿಟ್ಟು ಹೊರಬರುವ ಬದಿ ಎಂಬುದೇ ಇರುವುದಿಲ್ಲ, ಪದರ ಬಿಡುವ ಸಂದರ್ಭವೂ ಬರುವುದಿಲ್ಲ. ಒಳಗೆ ಇಳಿಯಲು ಸಾಧ್ಯವಾಗುವ ತೊಟ್ಟಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಒಳಗೆ ಇಳಿದವರ ಬಳಿ ಕರೆಂಟಿನ ಡ್ರಿಲ್ಲಿಗಿಂತ ಬ್ಯಾಟರಿ ಡ್ರಿಲ್ ಇರುವುದು ಕ್ಷೇಮ, ಹೊರಗೆ ಒಬ್ಬರು ಕಾವಲಿರಲೇಬೇಕು.

ನಿಪ್ಪಲ್ಲಿನ ಎರಡು ಕಡೆಯೂ ಅಗಲವಾದ ರಬ್ಬರ್ ವಾಷರು ಹಾಕಿ, ಕೈಯಿಂದ ಬಿಗಿ ಮಾಡಿ, ಸ್ಪ್ಯಾನರಿನಿಂದ ಅರ್ಧ ಸುತ್ತು ಮಾತ್ರ ತಿರುಗಿಸಬೇಕು. ವಾಷರು ಪಕ್ಕಕ್ಕೆ ಉಬ್ಬುವಷ್ಟು ಬಿಗಿದರೆ ಪದರಗಳು ಜಜ್ಜಿಹೋಗುತ್ತವೆ. ಗೇಟ್‌ವಾಲ್ವು ಮತ್ತು ಪೈಪಿನ ಭಾರ ನಿಪ್ಪಲ್ಲಿನ ಮೇಲೆ ತೂಗದಂತೆ ಕೆಳಗೆ ಒಂದು ಕಲ್ಲಿನ ಆಸರೆ ಕೊಡಬೇಕು. ವಾಲ್ವನ್ನು ದಿನಕ್ಕೆರಡು ಸಲ ತಿರುಗಿಸುವಾಗ ಆಗುವ ಅಲುಗಾಟವೇ ಒಳ್ಳೆಯ ತೂತನ್ನೂ ಕ್ರಮೇಣ ಸಡಿಲಿಸುತ್ತದೆ.

ಅಂಚಿಗೆ ರಾಳ ಸವರುವುದು

ಅನೇಕರು ಬಿಟ್ಟುಬಿಡುವ ಕೆಲಸ ಇದು. ಕೊರೆದ ಅಂಚಿನಲ್ಲಿ ಕತ್ತರಿಸಿದ ನಾರಿನ ಸಾವಿರಾರು ತುದಿಗಳು ತೆರೆದುಕೊಂಡಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಈ ತುದಿಗಳು ನೀರನ್ನು ಗೋಡೆಯೊಳಕ್ಕೆ ಎಳೆಯುತ್ತವೆ. ರಬ್ಬರ್ ವಾಷರು ಎಷ್ಟೇ ಬಿಗಿಯಾಗಿದ್ದರೂ ಗೋಡೆಯ ಒಳಗೇ ಸಾಗುವ ನೀರನ್ನು ಅದು ತಡೆಯಲಾರದು. ಕೆಲವು ತಿಂಗಳ ಬಳಿಕ ವಾಷರಿನ ಆಚೆ ಗೋಡೆ ಬೆವತಂತೆ ಕಾಣುತ್ತದೆ. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ ನೀರು ಹೋಗುತ್ತದೆ. ಹೋದ ನೀರು ದೊಡ್ಡದಲ್ಲ, ಪದರಗಳ ನಡುವೆ ನೀರು ದಾರಿ ಮಾಡಿಕೊಂಡಿದೆ ಎಂಬುದು ದೊಡ್ಡದು.

ರಸಗೊಬ್ಬರ ಕರಗಿಸುವ ತೊಟ್ಟಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಕೋಲಾರದ ಗಡಸು ನೀರಿನಿಂದ ಹನಿ ಪೈಪಿನ ತೂತುಗಳಲ್ಲಿ ಸುಣ್ಣ ಕಟ್ಟುವುದರಿಂದ ರೈತರು ಹೈಡ್ರೋಕ್ಲೋರಿಕ್ ಅಥವಾ ಫಾಸ್ಫಾರಿಕ್ ಆಮ್ಲ ಬಿಟ್ಟು ತೊಳೆಯುತ್ತಾರೆ. ಸಾಮಾನ್ಯ ಫೈಬರಿನಲ್ಲಿ ಬಳಸುವ ಗಾಜಿನ ನಾರು ಆಮ್ಲವನ್ನು ತಾಳುವುದಿಲ್ಲ. ರಾಳದ ಹೊದಿಕೆ ಇರುವವರೆಗೆ ನಾರು ಕ್ಷೇಮ. ತೆರೆದ ಅಂಚಿನಿಂದ ಆಮ್ಲ ನಾರನ್ನು ಮುಟ್ಟಿ, ಜೊತೆಗೆ ನೀರಿನ ಎಳೆತವೂ ಇದ್ದರೆ, ಯಾವ ಸೂಚನೆಯೂ ಇಲ್ಲದೆ ಗೋಡೆ ಸೀಳಬಹುದು. ಇಂಥ ತೊಟ್ಟಿಯಲ್ಲಿ ಅಂಚು ಮುಚ್ಚದ ಒಂದು ತೂತೂ ಇರಬಾರದು.

ಕೆಲಸ ಸರಳ. ಅಂಚನ್ನು ಉಪ್ಪು ಕಾಗದದಿಂದ ನಯ ಮಾಡಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಸಮಭಾಗ ಕಲಸಿ ಅಂಚಿನ ಸುತ್ತ ತೆಳುವಾಗಿ ಸವರಬೇಕು. ಒಂದು ದಿನ ಒಣಗಿದ ಮೇಲೆ ನಿಪ್ಪಲ್ ಕೂರಿಸಬೇಕು. ಕುಡಿಯುವ ನೀರಿನ ತೊಟ್ಟಿಯಾದರೆ ಅದಕ್ಕೆ ಯೋಗ್ಯವೆಂದು ಡಬ್ಬಿಯ ಮೇಲೆ ಬರೆದಿರುವ ಅಂಟನ್ನೇ ಬಳಸಿ, ಪೂರ್ತಿ ಗಟ್ಟಿಯಾಗಲು ಅಲ್ಲಿ ಹೇಳಿದಷ್ಟು ದಿನ ಬಿಟ್ಟು, ಮೊದಲ ಸಲ ತುಂಬಿದ ನೀರನ್ನು ಗಿಡಗಳಿಗೆ ಬಿಡಬೇಕು.

ಚಾವಣಿಯ ಶೀಟುಗಳು

ಶೀಟುಗಳು ತೆಳುವಾಗಿರುವುದರಿಂದ ಕೊರೆಯುವುದು ಸುಲಭ, ಹರಿಯುವುದೂ ಸುಲಭ. ಮಾವು ಬಲಿಯುವ ಏಪ್ರಿಲ್, ಮೇ ತಿಂಗಳಲ್ಲಿ ಬೀಸುವ ಮಳೆಗಾಳಿ ಕಾಯಿ ಉದುರಿಸುವುದರ ಜೊತೆಗೆ ಕೊಟ್ಟಿಗೆಯ ಶೀಟನ್ನೂ ಎತ್ತುತ್ತದೆ. ಶೀಟು ಸಾಮಾನ್ಯವಾಗಿ ಹರಿಯುವುದು ಬೋಲ್ಟಿನ ತೂತಿನಿಂದ. ಮೊಳೆ ಹೊಡೆದು ಮಾಡಿದ ತೂತಿನ ಸುತ್ತ ನಕ್ಷತ್ರದಂತೆ ಬಿರುಕುಗಳಿರುತ್ತವೆ, ಗಾಳಿ ಒಂದು ಬಿರುಕನ್ನು ಹಿಡಿದು ಸೀಳುತ್ತದೆ.

ತೂತನ್ನು ಶೀಟಿನ ಏರಿನ ಮೇಲೆ ಕೊರೆಯಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಏರಿನ ಕೆಳಗೆ ಅದೇ ಆಕಾರದ ಮರದ ತುಂಡನ್ನು ಆಸರೆಯಾಗಿ ಇಡಬೇಕು. ಶೀಟಿನ ತುದಿಯಿಂದ 5 ಸೆಂ.ಮೀ. ಒಳಗೆ ಇರಲಿ. ತೂತು ಬೋಲ್ಟಿಗಿಂತ 2 ರಿಂದ 3 ಮಿ.ಮೀ. ದೊಡ್ಡದಾಗಿರಬೇಕು, ಏಕೆಂದರೆ ಮೂರು ಮೀಟರ್ ಉದ್ದದ ಶೀಟು ಮುಂಜಾನೆಯ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಬೋಲ್ಟಿನ ಮೇಲೆ ಅಗಲ ವಾಷರು, ಅದರಡಿ ರಬ್ಬರು ಅಥವಾ ಡಾಂಬರಿನ ವಾಷರು ಇರಬೇಕು. ಎಲ್ಲ ಶೀಟುಗಳನ್ನೂ ಒಂದರ ಮೇಲೊಂದು ಪೇರಿಸಿ, ಅಡಿಯಲ್ಲಿ ಹಲಗೆ ಇಟ್ಟು ನೆಲದ ಮೇಲೆಯೇ ಒಟ್ಟಿಗೆ ಕೊರೆದರೆ ಅಡಿಯ ಶೀಟಿಗೆ ಹಲಗೆಯೂ ಮೇಲಿನವಕ್ಕೆ ಅಡಿಯ ಶೀಟುಗಳೂ ಆಸರೆಯಾಗುತ್ತವೆ. ಹತ್ತಿ ಕೊರೆಯಲೇಬೇಕಾದರೆ ಶೀಟಿನ ಮೇಲೆ ಕಾಲಿಡದೆ, ತೊಲೆಯಿಂದ ತೊಲೆಗೆ ಹಾಕಿದ ಹಲಗೆಯ ಮೇಲೆ ನಿಲ್ಲಬೇಕು. ಬಿಸಿಲಿಗೆ ಹಳತಾದ ಶೀಟು ಮನುಷ್ಯನ ಭಾರ ತಾಳುವುದಿಲ್ಲ. ಮುರಿದು ಬಿದ್ದು ಪ್ರಾಣ ಕಳೆದುಕೊಳ್ಳುವುದುಂಟು.

ಕೊರೆಯಲೇಬಾರದ ಸಾಮಾನುಗಳು

ಫ್ಲೋರೈಡ್ ಹೆಚ್ಚಿರುವ ಕಾರಣ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅವುಗಳಲ್ಲಿ ಉದ್ದನೆಯ ಕೊಳವೆಗಳಂತೆ, ನಿಂತ ಸಿಲಿಂಡರುಗಳಂತೆ ಕಾಣುವ ಫೈಬರ್ ಪಾತ್ರೆಗಳಿರುತ್ತವೆ. ನಾರನ್ನು ರಾಟೆಗೆ ನೂಲು ಸುತ್ತಿದಂತೆ ಎಡೆಬಿಡದೆ ಸುತ್ತಿ ಇವನ್ನು ತಯಾರಿಸುತ್ತಾರೆ. ಒಳಗೆ ಪಂಪಿನ ಒತ್ತಡವಿರುತ್ತದೆ. ಇವುಗಳಿಗೆ ಮೀಟರು ಕೂರಿಸಲೆಂದು ಒಂದು ಚಿಕ್ಕ ತೂತು ಕೊರೆದರೂ ಸುತ್ತಿನ ನಾರು ಕಡಿದು ಪಾತ್ರೆ ಸಿಡಿಯಬಹುದು. ಸೋರಿಕೆ ಕಂಡರೆ ಪಾತ್ರೆಯನ್ನೇ ಬದಲಾಯಿಸಬೇಕು.

ಗೋಬರ್ ಗ್ಯಾಸಿನ ಡ್ರಮ್ಮಿಗೆ ಅನಿಲದ ಕೊಳವೆಯನ್ನು ತಯಾರಕರೇ ಕೂರಿಸಿರುತ್ತಾರೆ. ಇನ್ನೊಂದು ಕೊಳವೆ ಬೇಕೆಂದು ಡ್ರಮ್ಮು ಗುಂಡಿಯ ಮೇಲಿರುವಾಗಲೇ ಕರೆಂಟಿನ ಡ್ರಿಲ್ ಹಚ್ಚುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಅನಿವಾರ್ಯವಾದರೆ ಡ್ರಮ್ಮನ್ನು ಎತ್ತಿ ದೂರವಿಟ್ಟು, ತೊಳೆದು, ಒಂದು ದಿನ ಗಾಳಿಗೆ ಬಿಟ್ಟು, ಕೈಯ ಬೈರಿಗೆಯಿಂದ ಕೊರೆಯಬಹುದು.

ದೂಳು

ಫೈಬರಿನ ಬಿಳಿ ಪುಡಿಯಲ್ಲಿ ಗಾಜಿನ ಸೂಕ್ಷ್ಮ ಮುಳ್ಳುಗಳಿರುತ್ತವೆ. ಚರ್ಮಕ್ಕೆ ತಾಗಿದರೆ ನವೆ, ಕಣ್ಣಿಗೆ ಬಿದ್ದರೆ ಉರಿ, ಉಸಿರಿನಲ್ಲಿ ಹೋದರೆ ಗಂಟಲು ಕೆರೆತ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು, ಆದರೆ ಕಲ್ಲಿನ ದೂಳಿನಿಂದ ಗಣಿ ಕೆಲಸಗಾರರ ಶ್ವಾಸಕೋಶ ಹಾಳಾದ ಕಥೆ ಜಿಲ್ಲೆಯವರಿಗೆ ಗೊತ್ತಿದೆ. ಗಾಜಿನ ನಾರಿನ ಪುಡಿ ಆ ಕಲ್ಲಿನ ದೂಳಿನಂಥದ್ದಲ್ಲ. ಹಾಗೆಂದು ಮೂಗಿಗೆ ಬರೀ ಟವೆಲ್ ಕಟ್ಟಿ ಕೊರೆಯುವುದು ಸರಿಯಲ್ಲ. ಔಷಧಿ ಅಂಗಡಿಯಲ್ಲಿ ದೊರೆಯುವ ಎನ್-95 ಮುಖಕವಚ, ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮೇವಿನ ಗೋದಲಿ, ಹುಳುವಿನ ತಟ್ಟೆ, ಸೊಪ್ಪಿನ ರಾಶಿಯ ಹತ್ತಿರ ಈ ಕೆಲಸ ಮಾಡಬಾರದು. ಮೈಗೆ ಪುಡಿ ಬಿದ್ದರೆ ಉಜ್ಜದೆ ಮೊದಲು ತಣ್ಣೀರು ಸುರಿದುಕೊಳ್ಳಬೇಕು. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬಾರದು.

ಕೆಟ್ಟ ತೂತಿನ ದುರಸ್ತಿ

ತೂತಿನ ಒಳಬದಿಯನ್ನು ಬೆಳಕು ಬಿಟ್ಟು ನೋಡಬೇಕು. ಪದರ ಬಿಟ್ಟ ಜಾಗ ಬೆಳ್ಳಗೆ ಕಾಣುತ್ತದೆ, ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಬಿಳುಪು ವಾಷರಿನ ಅಡಿಗೆ ಸೇರುವಷ್ಟೇ ಇದ್ದರೆ ಎಪಾಕ್ಸಿಯನ್ನು ಸಂದಿಗೆ ಇಳಿಸಿ, ಎರಡು ಹಲಗೆಗಳ ನಡುವೆ ಒತ್ತಿ ಕಟ್ಟಿ ಒಣಗಿಸಿದರೆ ಸಾಕಾಗುತ್ತದೆ. ಅಂಟು ಹತ್ತದಂತೆ ಹಲಗೆಗೆ ಪ್ಲಾಸ್ಟಿಕ್ ಕಾಗದ ಸುತ್ತಬೇಕು.

ಬಿಳುಪು ಅದಕ್ಕಿಂತ ಅಗಲವಾಗಿದ್ದರೆ ಆ ತೂತನ್ನೇ ಮುಚ್ಚಿ ಬೇರೆ ಕಡೆ ಕೊರೆಯಬೇಕು. ಸುತ್ತ 5 ರಿಂದ 7 ಸೆಂ.ಮೀ.ವರೆಗೆ ಗೋಡೆಯನ್ನು ಉಪ್ಪು ಕಾಗದದಿಂದ ಒರಟು ಮಾಡಿ, ಬಿಟ್ಟ ಪದರವನ್ನು ಕೆತ್ತಿ ತೆಗೆದು, ಹಿಂದಿನಿಂದ ಒಂದು ಆಸರೆ ಕೊಟ್ಟು, ಒಂದಕ್ಕಿಂತ ಒಂದು ದೊಡ್ಡದಾದ ನಾರಿನ ಚಾಪೆಯ ತುಂಡುಗಳನ್ನು ರಾಳದಲ್ಲಿ ನೆನೆಸಿ ಹಚ್ಚಬೇಕು. 5 ಮಿ.ಮೀ. ಗೋಡೆಗೆ ಐದು ತುಂಡು. ಪ್ರತಿ ತುಂಡಿನಲ್ಲೂ ಗಾಳಿಯ ಗುಳ್ಳೆ ಉಳಿಯದಂತೆ ಕುಂಚದಿಂದ ಒತ್ತಬೇಕು. ರಾಳಕ್ಕೆ ಗಟ್ಟಿಯಾಗಿಸುವ ದ್ರವವನ್ನು ತೂಕದಲ್ಲಿ ಶೇಕಡ 1 ರಿಂದ 2ರಷ್ಟು ಬೆರೆಸುತ್ತಾರೆ. ಬೇಸಿಗೆಯಲ್ಲಿ ಕಡಿಮೆ, ಚಳಿಗಾಲದಲ್ಲಿ ಹೆಚ್ಚು. ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನೂ ಅಂಗಡಿಯಲ್ಲಿ ಬೇರೆ ಸೀಸೆಯಲ್ಲಿ ಕೊಟ್ಟರೆ ಅದನ್ನು ಮೊದಲು ರಾಳಕ್ಕೆ ಪೂರ್ತಿ ಕಲಸಿ, ಆಮೇಲೆ ಗಟ್ಟಿಯಾಗಿಸುವ ದ್ರವ ಹಾಕಬೇಕು. ಆ ಎರಡು ದ್ರವಗಳನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತವೆ. ರಾಳದ ಹಬೆ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ತೊಟ್ಟಿಯೊಳಗೆ ಕುಳಿತು ಈ ಕೆಲಸ ಮಾಡುವಾಗ ಬಾಯಿ ತೆರೆದಿದ್ದು ಗಾಳಿ ಆಡುತ್ತಿರಬೇಕು, ಹತ್ತಿರ ಬೀಡಿ ಹಚ್ಚಬಾರದು.

ತೇಪೆ ಹಾಕಿದ ತೊಟ್ಟಿಯನ್ನು ಕನಿಷ್ಠ ಒಂದು ದಿನ ಹಾಗೆಯೇ ಬಿಟ್ಟು, ಮೊದಲು ಅರ್ಧ ತುಂಬಿ ರಾತ್ರಿಯಿಡೀ ನಿಲ್ಲಿಸಿ ನೋಡಬೇಕು. ಬೆಳಿಗ್ಗೆ ತೇಪೆಯ ಅಂಚನ್ನು ಒಣ ಕಾಗದದಿಂದ ಒತ್ತಿದಾಗ ಕಾಗದ ಒದ್ದೆಯಾಗದಿದ್ದರೆ ಪೂರ್ತಿ ತುಂಬಬಹುದು. ಒಂದು ವಾರ ದಿನಕ್ಕೊಮ್ಮೆ, ಆ ಬಳಿಕ ಪ್ರತಿ ಮಾವಿನ ಸುಗ್ಗಿಗೆ ಮುಂಚೆ ಒಮ್ಮೆ ಇದೇ ರೀತಿ ಪರೀಕ್ಷಿಸಿದರೆ ಸಾಕು.